13 ರೂಪಾಯಿಯ ಆಚೆಗಿನ ಬಾಕಿ

ವಿನ್‌ಸ್ಟನ್ ಚರ್ಚಿಲ್ ಎಂದೊಡನೆ ಬೆಂಗಳೂರಿಗರ ಬಾಯಿಗೆ ಮೊದಲು ಬರುವುದು 13 ರೂಪಾಯಿ. ಇಂದಿನ ಬೆಂಗಳೂರು ಕ್ಲಬ್ ಆಗ ಯುನೈಟೆಡ್ ಸರ್ವಿಸಸ್ ಕ್ಲಬ್ ಆಗಿತ್ತು. 1899ರ ಜೂನ್ 1ರ ಅದರ ನಡಾವಳಿಯಲ್ಲಿ, ವಸೂಲಾಗದ ಬಾಕಿಯ ಪಟ್ಟಿಯಲ್ಲಿ, ಲೆಫ್ಟಿನೆಂಟ್ ಡಬ್ಲ್ಯು. ಎಲ್. ಎಸ್. ಚರ್ಚಿಲ್ ಎಂಬ ಹೆಸರೂ ಅದರ ಎದುರಿಗೆ ಈ ಮೊತ್ತವೂ ಇವೆ. ಪತ್ರಿಕೆಗಳು ಈ ಕಥೆಯನ್ನು ಮತ್ತೆ ಮತ್ತೆ ಬರೆದಿವೆ, ಊರು ತೋರಿಸುವವರು ಮರೆಯದೆ ಹೇಳುತ್ತಾರೆ. ಸಾಮ್ರಾಜ್ಯದ ದೊಡ್ಡ ಮನುಷ್ಯನೊಬ್ಬ ನಮ್ಮೂರಿನಲ್ಲಿ ಸಾಲ ಉಳಿಸಿ ಹೋದ ಎಂಬ ಸಣ್ಣ ಸಂತೋಷ ಅದರಲ್ಲಿದೆ, ಅದು ಅರ್ಥವಾಗುವಂಥದ್ದೇ. ಆದರೆ ಈ ನೆನಪು ತಪ್ಪು ಲೆಕ್ಕವನ್ನು ಜೋಪಾನ ಮಾಡಿದೆ ಎಂಬುದು ನನ್ನ ವಾದ. ಮಾಮೂಲ್‌ಪೇಟೆಯ ಯಾವ ವರ್ತಕನಾದರೂ ಮೊತ್ತಕ್ಕಿಂತ ಮೊದಲು ಕೇಳುವುದು ಬಾಕಿ ಯಾರಿಗೆ ಸೇರಬೇಕಾದದ್ದು ಎಂದು. ಆ 13 ರೂಪಾಯಿ ಬಿಳಿಯ ಅಧಿಕಾರಿಗಳ ಕ್ಲಬ್ಬಿಗೆ ಬರಬೇಕಿತ್ತು, ನಮಗಲ್ಲ. ನಮಗೆ ಸಂಬಂಧಿಸಿದ ಲೆಕ್ಕ ಇರುವುದು 1911ರ ಅಕ್ಟೋಬರಿನಿಂದ 1915ರ ಮೇವರೆಗೆ, ಆತ ಬ್ರಿಟನ್ನಿನ ನೌಕಾ ಸಚಿವನಾಗಿದ್ದ ಅವಧಿಯಲ್ಲಿ.

ಆ ಅವಧಿಯನ್ನು ತೂಗುವ ಮೊದಲು ದಂಡಿನ ದಿನಗಳನ್ನು ನೋಡಬೇಕು. 4ನೇ ಹುಸಾರ್ಸ್ ಕುದುರೆಪಡೆಯ ಜೊತೆ 1896ರ ಅಕ್ಟೋಬರಿನಲ್ಲಿ ಬಂದಾಗ ಆತನಿಗೆ ಇನ್ನೂ 22 ತುಂಬಿರಲಿಲ್ಲ. 1899ರ ಮಾರ್ಚ್‌ವರೆಗೆ, ನಡುನಡುವೆ ವಾಯವ್ಯ ಗಡಿಗೂ ಸುಡಾನಿಗೂ ಹೋಗಿ ಬರುತ್ತ, ಬೆಂಗಳೂರಿನಲ್ಲೇ ಬಿಡಾರ. 1930ರಲ್ಲಿ ಪ್ರಕಟವಾದ ಆತ್ಮಕಥೆ ‘ಮೈ ಅರ್ಲಿ ಲೈಫ್’ನ ಬೆಂಗಳೂರು ಪುಟಗಳು ಗದ್ಯವಾಗಿ ನಿಜಕ್ಕೂ ಸೊಗಸಾಗಿವೆ. ಬೋಗನ್‌ವಿಲ್ಲಾ ಹಬ್ಬಿದ ಬಂಗಲೆ, 30 ಕುದುರೆ ಕಟ್ಟುವ ಲಾಯ, ಪೋಲೊ, ತಾಯಿ ಕಳಿಸಿಕೊಟ್ಟ ಗಿಬ್ಬನ್ ಮತ್ತು ಮೆಕಾಲೆಯ ಸಂಪುಟಗಳು, ದಿನಕ್ಕೆ ನಾಲ್ಕೈದು ತಾಸಿನ ಓದು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದ ಹುಡುಗ ತನಗೆ ತಾನೇ ಮೇಷ್ಟರಾದ ಆ ಶಿಸ್ತನ್ನು ಮೆಚ್ಚದವರು ಇರಲಾರರು. ಆದರೆ ಆ ಪುಟಗಳಲ್ಲಿ ಮನೆ ನಡೆಸುವ ಬಟ್ಲರುಗಳು ಬಟ್ಲರುಗಳಾಗಿಯೇ ಉಳಿಯುತ್ತಾರೆ, ಅವರಿಗೆ ಹೆಸರಿಲ್ಲ. ದಂಡಿನಿಂದ ಮೂರ್ನಾಲ್ಕು ಮೈಲಿ ದೂರದ ಪೇಟೆಗೆ ಅಲ್ಲಿ ಜಾಗವೇ ಇಲ್ಲ. 1898ರಲ್ಲಿ ಪ್ಲೇಗ್ ಹೊಕ್ಕು ಪೇಟೆಯ ಓಣಿಗಳು ಖಾಲಿಯಾದವು, ಬಸವನಗುಡಿ ಮಲ್ಲೇಶ್ವರಗಳ ಹೊಸ ಬಡಾವಣೆಗಳಿಗೆ ಜನ ಸರಿದರು, ಪ್ಲೇಗಮ್ಮನಿಗೆ ಗುಡಿ ಎದ್ದಿತು. ಆ ಸೆಪ್ಟೆಂಬರಿನಲ್ಲಿ ಚರ್ಚಿಲ್ ಸುಡಾನಿನ ಒಮ್‌ಡರ್ಮನ್ ಯುದ್ಧದಲ್ಲಿದ್ದ. ಡಿಸೆಂಬರಿನಲ್ಲಿ ಮರಳಿದವನಿಗೆ ಮೀರತ್ತಿನ ಪೋಲೊ ಪಂದ್ಯದ ಚಿಂತೆ. ದಂಡಿನ ಎಲ್ಲ ಅಧಿಕಾರಿಗಳೂ ಹೀಗೆಯೇ ಬದುಕಿದರಲ್ಲ, ಇವನೊಬ್ಬನನ್ನೇ ಏಕೆ ಹಿಡಿಯಬೇಕು ಎಂದು ಕೇಳಬಹುದು. ಏಕೆಂದರೆ ಉಳಿದವರ ಕೈಗೆ ಜಗತ್ತಿನ ಅತಿ ದೊಡ್ಡ ನೌಕಾಪಡೆ ಸಿಗಲಿಲ್ಲ. ಕಾಗದದ ಮೇಲೆ ಸಾಮ್ರಾಜ್ಯಗಳ ಏಳುಬೀಳನ್ನು ಆಳವಾಗಿ ಓದಿ, ಕಣ್ಣೆದುರಿನ ಊರನ್ನು ಓದದೆ ಬಿಡುವ ಅಭ್ಯಾಸ ಆ ಹುದ್ದೆಯಲ್ಲೂ ಮುಂದುವರಿಯಿತು ಎಂದು ನಾನು ತಿಳಿಯುತ್ತೇನೆ.

ಒಳ್ಳೆಯದನ್ನು ಮೊದಲು ಹೇಳಬೇಕು. 1912ರಲ್ಲಿ ನೌಕಾ ಯುದ್ಧ ಮಂಡಲಿ ಸ್ಥಾಪಿಸಿದ, ಸಾಮಾನ್ಯ ನಾವಿಕರ ಸಂಬಳ ಏರಿಸಿದ, 1914ರ ಜುಲೈ ಕೊನೆಯಲ್ಲಿ ಹಡಗುಪಡೆಯನ್ನು ಚದುರಲು ಬಿಡದೆ ಸ್ಕಾಪಾ ಫ್ಲೋಗೆ ಕಳಿಸಿದ. ಕಲ್ಲಿದ್ದಲು ಬಿಟ್ಟು ಎಣ್ಣೆಯಿಂದಲೇ ಓಡುವ ಕ್ವೀನ್ ಎಲಿಜಬೆತ್ ವರ್ಗದ ಯುದ್ಧನೌಕೆಗಳನ್ನು ಕಟ್ಟಿಸಿದ್ದು ಧೈರ್ಯದ ನಿರ್ಧಾರ. ಎಣ್ಣೆಯಿಂದ ಹಡಗಿಗೆ ವೇಗ ಹೆಚ್ಚಿತು, ಬಾಯ್ಲರಿಗೆ ಕಲ್ಲಿದ್ದಲು ತುಂಬುವ ಆಳುಗಳ ಅಗತ್ಯ ತಗ್ಗಿತು. ಆದರೆ ಬ್ರಿಟನ್ನಿನ ನೆಲದಲ್ಲಿ ಕಲ್ಲಿದ್ದಲು ಇತ್ತೇ ಹೊರತು ಎಣ್ಣೆ ಇರಲಿಲ್ಲ. ಅದಕ್ಕಾಗಿ 1914ರ ಜೂನಿನಲ್ಲಿ ಆಂಗ್ಲೋ-ಪರ್ಷಿಯನ್ ಆಯಿಲ್ ಕಂಪನಿಯ ಶೇ. 51 ಪಾಲನ್ನು ಸರ್ಕಾರ ಕೊಳ್ಳುವಂತೆ ಮಾಡಿದ. ಐದೇ ತಿಂಗಳಿಗೆ, ನವೆಂಬರ್ 6ರಂದು, ಆ ಎಣ್ಣೆಯ ದಾರಿ ಕಾಯಲು ಶತ್ ಅಲ್ ಅರಬ್ ನದಿಯ ಬಾಯಿಯ ಫಾವ್‌ನಲ್ಲಿ ಇಳಿದದ್ದು ಭಾರತೀಯ ಸೇನೆಯ ಪುಣೆ ವಿಭಾಗ. ಅಲ್ಲಿಂದ ಮುಂದೆ ಬಾಗ್ದಾದಿನ ಆಸೆಗೆ ಬಿದ್ದು, 1916ರ ಏಪ್ರಿಲ್ 29ರಂದು ಕೂಟ್‌ನಲ್ಲಿ ಸುಮಾರು 13,000 ಮಂದಿ ತುರ್ಕರಿಗೆ ಶರಣಾದರು, ಬಹುಪಾಲು ಭಾರತೀಯರು. ಬಾಗ್ದಾದಿಗೆ ನುಗ್ಗುವ ನಿರ್ಧಾರ ಚರ್ಚಿಲ್‌ನದಲ್ಲ, ಆ ಹೊತ್ತಿಗೆ ಆತ ನೌಕಾ ಸಚಿವನೂ ಆಗಿರಲಿಲ್ಲ. ಆದರೂ ಹಡಗಿನ ವೇಗ ಒಬ್ಬರಿಗೆ, ಅದರ ಕಾವಲು ಇನ್ನೊಬ್ಬರಿಗೆ ಎಂಬ ಹಂಚಿಕೆ ಆ ಖರೀದಿಯಲ್ಲೇ ಅಡಗಿತ್ತು.

ತುರ್ಕಿಯ ಡಾರ್ಡನೆಲ್ಸ್ ಜಲಸಂಧಿಯ ಪ್ರಕರಣ ಇದಕ್ಕಿಂತ ಸ್ಪಷ್ಟ. 1915ರ ಜನವರಿ 3ರಂದು ಚರ್ಚಿಲ್ ಅಡ್ಮಿರಲ್ ಕಾರ್ಡನ್‌ಗೆ ತಂತಿ ಕಳಿಸಿ, ಹಡಗುಗಳಿಂದಲೇ ಜಲಸಂಧಿ ಭೇದಿಸಬಹುದೇ ಎಂದು ಕೇಳಿದ. ಕಾರ್ಡನ್‌ನ ಉತ್ತರ ಎಚ್ಚರದ್ದು: ಒಂದೇ ನುಗ್ಗಿಗೆ ಆಗದು, ತುಂಬ ಹಡಗುಗಳಿದ್ದರೆ ಹಂತಹಂತವಾಗಿ ಆದೀತು. ಆ ‘ಆದೀತು’ ಲಂಡನ್ನಿನ ಯುದ್ಧ ಸಭೆಗೆ ಮುಟ್ಟುವಷ್ಟರಲ್ಲಿ ‘ಆಗುತ್ತದೆ’ ಎಂಬ ಬಲ ಪಡೆದಿತ್ತು. ಸಿಂಹಳದಲ್ಲಿ ಹುಟ್ಟಿ ಇಡೀ ಆಯುಷ್ಯ ಹಡಗಿನಲ್ಲಿ ಸವೆಸಿದ ಮುಖ್ಯ ನೌಕಾಧಿಕಾರಿ ಫಿಶರ್‌ನ ಅಳುಕು ಆ ಬಲದೆದುರು ನಿಲ್ಲಲಿಲ್ಲ. ಮಾರ್ಚ್ 18ರಂದು ನುಸ್ರೆತ್ ಎಂಬ ಸಣ್ಣ ತುರ್ಕಿ ಹಡಗು ಹತ್ತು ದಿನ ಮೊದಲೇ ಹಾಸಿದ್ದ ಸಿಡಿಗುಂಡುಗಳಿಗೆ ಸಿಕ್ಕು ಬೂವೆ, ಇರ್ರೆಸಿಸ್ಟಿಬಲ್, ಓಷನ್ ಎಂಬ ಮೂರು ಯುದ್ಧನೌಕೆಗಳು ಮುಳುಗಿದವು. ಬೂವೆಯೊಂದರಲ್ಲೇ 600ಕ್ಕೂ ಹೆಚ್ಚು ಜನ ಹೋದರು. ಕಾರ್ಡನ್‌ನ ಜಾಗಕ್ಕೆ ಬಂದಿದ್ದ ಡಿ ರೋಬೆಕ್ ಮತ್ತೆ ನುಗ್ಗಲು ಒಪ್ಪಲಿಲ್ಲ. ಮೇ ತಿಂಗಳಲ್ಲಿ ಫಿಶರ್ ರಾಜೀನಾಮೆ ಕೊಟ್ಟ, ಚರ್ಚಿಲ್ ಹುದ್ದೆ ಕಳೆದುಕೊಂಡ. 1917ರ ವಿಚಾರಣಾ ಆಯೋಗ ಎಲ್ಲ ತಪ್ಪನ್ನೂ ಇವನ ತಲೆಗೆ ಕಟ್ಟಲಿಲ್ಲ, ಪ್ರಧಾನಿ ಆಸ್ಕ್ವಿತ್ ಮತ್ತು ಯುದ್ಧ ಸಚಿವ ಕಿಚನರ್ ಮೇಲೂ ಹಂಚಿತು. ಅದು ನ್ಯಾಯ. ನನ್ನ ಆಕ್ಷೇಪ ಸೋಲಿನ ಬಗ್ಗೆಯಲ್ಲ, ರೀತಿಯ ಬಗ್ಗೆ. ನೀರಿನಲ್ಲಿದ್ದವರ ಮಾತಿಗಿಂತ ಮೇಜಿನ ಮೇಲಿನ ನಕ್ಷೆಗೆ ಹೆಚ್ಚು ಬೆಲೆ ಕೊಟ್ಟ ರೀತಿ ಅದು.

ಮೈಸೂರಿನ ಕೊಂಡಿ ಇರುವುದೂ ಈ ತುರ್ಕಿ ಯುದ್ಧದಲ್ಲೇ. 1914ರ ಆಗಸ್ಟ್ ಮೊದಲ ದಿನಗಳಲ್ಲಿ, ತುರ್ಕಿಯ ಜನ ಚಂದಾ ಎತ್ತಿ ಹಣ ಕೂಡಿಸಿದ್ದ ಎರಡು ಯುದ್ಧನೌಕೆಗಳನ್ನು ಬ್ರಿಟಿಷ್ ಹಡಗುಕಟ್ಟೆಯಲ್ಲೇ ಚರ್ಚಿಲ್ ವಶಪಡಿಸಿಕೊಂಡ. ತುರ್ಕಿ ಯುದ್ಧಕ್ಕಿಳಿಯಲು ಅದೊಂದೇ ಕಾರಣವಲ್ಲ, ಜರ್ಮನಿಯೊಡನೆ ಗುಪ್ತ ಒಪ್ಪಂದ ಆಗಸ್ಟ್ 2ಕ್ಕೇ ಆಗಿತ್ತು. ಆದರೆ ಅಲ್ಲಿನ ಜನರ ಸಿಟ್ಟನ್ನು ಅದು ಆ ಕಡೆಗೆ ತಿರುಗಿಸಿತು. ತುರ್ಕಿ ಎದುರಾದ ಮೇಲೆ ಸೂಯೆಜ್ ಕಾಲುವೆಯ ಕಾವಲಿಗೆ ನಿಂತವರಲ್ಲಿ ಮೈಸೂರು ಲ್ಯಾನ್ಸರ್ಸ್ ಸೇರಿದ್ದರು. ದಳಪತಿ ದೇಶರಾಜ ಅರಸರ ಹೆಸರಿನೊಡನೆ ಸೇರಿದ ಆ ಕುದುರೆಪಡೆ 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆ ಹೈಫಾ ಗೆದ್ದಿತು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು, ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಪಡೆಯನ್ನು ಕಳಿಸಿದ್ದು ನಮ್ಮ ಅರಸರೇ, ಇದನ್ನು ಚರ್ಚಿಲ್‌ನ ಬಾಕಿ ಎನ್ನುವುದು ಹೇಗೆ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯಲ್ಲಿ ಹುರುಳಿದೆ. ನಾಲ್ವಡಿ ಕೃಷ್ಣರಾಜ ಒಡೆಯರು 1914ರಲ್ಲಿ ಯುದ್ಧದ ವೆಚ್ಚಕ್ಕೆ 50 ಲಕ್ಷ ರೂಪಾಯಿಯನ್ನೂ ಕೊಟ್ಟರು, ಅದಕ್ಕೆ ಕಾಣಿಕೆ ಎಂದೇ ಹೆಸರು. ಆದರೆ 1881ರಲ್ಲಿ ರಾಜ್ಯ ಮರಳಿ ಪಡೆದದ್ದೇ ಬ್ರಿಟಿಷರ ಷರತ್ತುಗಳ ಮೇಲೆ, ಆಡಳಿತ ನಡೆಯುತ್ತಿದ್ದ ಬೆಂಗಳೂರಿನ ಮಗ್ಗುಲಲ್ಲೇ ಅವರ ದಂಡು ಕೂತಿತ್ತು. ಅಂಥ ಸಂಸ್ಥಾನಕ್ಕೆ ಬೇಡ ಎನ್ನುವ ಸ್ವಾತಂತ್ರ್ಯ ಎಷ್ಟಿತ್ತು? ಆ 50 ಲಕ್ಷವೂ ಆ ಸವಾರರೂ ಮೈಸೂರಿನ ರೈತನ ಕಂದಾಯದಿಂದ, ಮೈಸೂರಿನ ಮನೆಗಳಿಂದ ಹೋದದ್ದು.