ಸೈನಿಕರ ಕತೆ ಸಾಕು, ನೀರುಗಂಟಿ ಬರಲಿ

ಕೋವಿಡ್ ಹೋದ್ರೂ ‘ಇಮ್ಯುನಿಟಿ ಬೂಸ್ಟರ್’ ಅನ್ನೋ ಪದ ಹೋಗಿಲ್ಲ. ಕಷಾಯದ ಪುಡಿ, ಜ್ಯೂಸು, ಎಲ್ಲದರ ಮೇಲೂ ಅದೇ. ಪತ್ರಿಕೆಗಳ ಆರೋಗ್ಯ ಅಂಕಣಗಳೂ ಇದಕ್ಕೆ ತಾಳ ಹಾಕ್ತವೆ: ಬಿಳಿ ರಕ್ತಕಣ ಅಂದ್ರೆ ಸೈನಿಕರು, ರೋಗಾಣು ಅಂದ್ರೆ ಶತ್ರು, ಸೈನಿಕರು ಹೆಚ್ಚಿದಷ್ಟೂ ಗೆಲುವು. ‘ರೋಗನಿರೋಧಕ ಶಕ್ತಿ’ ಅನ್ನೋ ಪದವೇ ಹಾಗಿದೆ. ಶಕ್ತಿ ಅಂದಮೇಲೆ ಮೊಬೈಲ್ ಬ್ಯಾಟರಿ ತರ ಏರಿಸಬಹುದು ಅನ್ನಿಸುತ್ತೆ. ನೆಗಡಿ ವಿವರಿಸೋಕೆ ಈ ಕತೆ ಸಾಕು. ಶುಗರ್ ತರದ ದೀರ್ಘ ಕಾಯಿಲೆಗೆ ಸಾಲದು.

ಯಾಕೆ ಅಂದ್ರೆ, ಶುಗರ್ ಹತೋಟಿ ತಪ್ಪಿದವರಲ್ಲಿ ಬಿಳಿ ರಕ್ತಕಣಗಳ ಸಂಖ್ಯೆ ಸರಿಯಾಗೇ ಇರಬಹುದು; ಕೆಡೋದು ಅವುಗಳ ಕೆಲಸ. ಗಾಯಕ್ಕೆ ಮೊದಲು ಓಡಿ ಬರಬೇಕಾದ ನ್ಯೂಟ್ರೋಫಿಲ್‌ಗಳು ನಿಧಾನ ಆಗ್ತವೆ, ಹಿಡಿದ ಬ್ಯಾಕ್ಟೀರಿಯಾವನ್ನ ಪೂರ್ತಿ ಕೊಲ್ಲೋಕೆ ತಿಣುಕಾಡ್ತವೆ. ಅದೇ ದೇಹದ ಬೊಜ್ಜಿನಲ್ಲಿ ಸೇರಿಕೊಂಡ ಮ್ಯಾಕ್ರೋಫೇಜ್‌ಗಳು ರೋಗಾಣುವೇ ಇಲ್ಲದೆ ಉರಿಯೂತದ ರಾಸಾಯನಿಕ ಬಿಡ್ತಾನೇ ಇರ್ತವೆ. ಅದರಿಂದ ಇನ್ಸುಲಿನ್ ಇನ್ನಷ್ಟು ನಾಟಲ್ಲ. ಬೇಕಾದ ಕಡೆ ಮಂದ, ಬೇಡದ ಕಡೆ ಅಬ್ಬರ. ಇಲ್ಲಿ ‘ಬೂಸ್ಟ್’ ಮಾಡೋದು ಯಾವುದನ್ನ? ಬಗ್ ಇರೋ ಕೋಡನ್ನ ಇನ್ನೂ ನಾಲ್ಕು ಸರ್ವರ್‌ನಲ್ಲಿ ಓಡಿಸಿದ್ರೆ ಬಗ್ ನಾಲ್ಕು ಕಡೆ ಆಗುತ್ತೆ, ಅಷ್ಟೆ.

ಇದು ಬರೀ ಪದದ ಜಗಳ ಅಲ್ಲ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1961ರಿಂದ 1968ರವರೆಗೆ ಆಗಿನ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಮತ್ತೆ ಮತ್ತೆ ಪರೀಕ್ಷೆ ನಡೆಸಿತ್ತು. ಚಿಕಿತ್ಸೆ ಅಷ್ಟಾಗಿ ಸಿಗದ ಕಾಲ. ಕಫದಲ್ಲಿ ಟಿಬಿ ರೋಗಾಣು ಇದ್ದವರಲ್ಲಿ ಐದು ವರ್ಷದೊಳಗೆ ಸುಮಾರು ಅರ್ಧ ಜನ ತೀರಿಕೊಂಡರು. ಮೂರರಲ್ಲಿ ಒಂದು ಪಾಲಿನಷ್ಟು ಜನರ ಕಫ ತಿಳಿಯಾಯ್ತು. ರೋಗ ಒಂದೇ, ಒಂದೊಂದು ದೇಹದ ಉತ್ತರ ಬೇರೆ. ಈಗ ನಮ್ಮ ಹಳ್ಳಿಗಳಿಗೂ ಶುಗರ್ ಬಂದಿದೆ. ಶುಗರ್ ಇದ್ದವರಿಗೆ ಟಿಬಿ ಬರೋ ಅಪಾಯ ಎರಡು ಮೂರು ಪಟ್ಟು. ಟಿಬಿ ಬಂದವರಿಗೆಲ್ಲ ಶುಗರ್ ಪರೀಕ್ಷೆ ಮಾಡಬೇಕು ಅಂತ ಸರ್ಕಾರಿ ಕಾರ್ಯಕ್ರಮದಲ್ಲೇ ಇರೋದು ಇದಕ್ಕೇ.

ಹೋಲಿಕೆ ಬೇಕೇ ಬೇಕು ಅಂದ್ರೆ, ನಮ್ಮ ಕಡೆ ಕೆರೆ ನೀರು ಬಿಡ್ತಿದ್ದ ನೀರುಗಂಟಿ ಇದ್ದಾನೆ. ತೂಬು ಯಾವಾಗ ಎತ್ತಬೇಕು, ಯಾವಾಗ ಮುಚ್ಚಬೇಕು ಅನ್ನೋದು ಅವನ ಕೆಲಸ. ಎತ್ತಿದ ತೂಬು ಮುಚ್ಚದಿದ್ರೆ ಹತ್ತಿರದ ಗದ್ದೆ ಕೊಳೆಯುತ್ತೆ, ಕೊನೆಯ ಗದ್ದೆ ಒಣಗುತ್ತೆ. ದೀರ್ಘ ಕಾಯಿಲೆಯಲ್ಲಿ ಆಗೋದು ಹೆಚ್ಚುಕಮ್ಮಿ ಇದೇ.

ವೀಕೆಂಡಲ್ಲಿ ದೊಡ್ಡಬಳ್ಳಾಪುರಕ್ಕೋ ಹೊಸಕೋಟೆಗೋ ಹೋಗುವಾಗ ಅಪ್ಪ ಅಮ್ಮನಿಗೆ ಬೂಸ್ಟರ್ ಡಬ್ಬ ಒಯ್ಯೋರು ನಾವೇ. ಡಬ್ಬದ ಭರವಸೆಯಲ್ಲಿ ಮಾತ್ರೆ ತಪ್ಪುತ್ತೆ, ಕೆಮ್ಮು ‘ಹವಾಮಾನ’ ಆಗುತ್ತೆ. ಈ ಸಲ ಆ ದುಡ್ಡಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸೋ ಎಚ್‌ಬಿಎ1ಸಿ ಮಾಡಿಸಿ. ಕೆಮ್ಮು ಎರಡು ವಾರ ದಾಟಿದ್ರೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡೂ ಬೇಡ.