ಒತ್ತಾಯದ ಚಕ್ಕುಲಿ

ಮುತ್ತಿನಕೊಪ್ಪದಿಂದ ಶೃಂಗೇರಿಯವರೆಗೆ ಯಾರ ಮನೆಯ ಜಗುಲಿಯಲ್ಲಿ ಕೂತರೂ ಈ ಮಾತು ಕೇಳುತ್ತದೆ: ‘ಎಂತ ಸಾಕು? ಇನ್ನೆರಡು ತಗೊಳ್ಳಿ ಮಾರಾಯ್ರೆ!’ ಬಂದವರು ಮೊದಲು ಬೇಡ ಅನ್ನಬೇಕು, ಮನೆಯವರು ಬಿಡದೆ ಹಾಕಬೇಕು. ಮಲೆನಾಡಿನ ಆದರವೆಂದರೆ ಇದೇ ಎಂದು ಹೆಮ್ಮೆಪಡುವವರೇ ಹೆಚ್ಚು. ನನಗೆ ಇದರಲ್ಲಿ ಆದರಕ್ಕಿಂತ ಅನ್ಯಾಯವೇ ಹೆಚ್ಚು ಕಾಣುತ್ತದೆ.

ಒತ್ತಾಯ ಯಾರಿಗೆ ನಡೆಯುತ್ತದೆ ನೋಡಿ. ಆಗಲೇ ಎರಡು ಮನೆಯಲ್ಲಿ ಕಾಫಿ, ಕೋಡುಬಳೆ ಮುಗಿಸಿ ಬಂದ ನೆಂಟರಿಗೆ ಮೂರು ಮೂರು ಸಲ. ಅಡಿಕೆ ಸುಲಿಯುವ ಕೆಲಸ ಉಂಟೇ ಎಂದು ಕೇಳಲು ನಡೆದು ಬಂದ ಹುಡುಗ ಸಂಕೋಚದಿಂದ ಬೇಡ ಅಂದರೆ, ಅವನ ಮಾತನ್ನು ಒಂದೇ ಸಲಕ್ಕೆ ನಂಬಿಬಿಡುತ್ತೇವೆ. ಹೊಟ್ಟೆ ತುಂಬಿದವನ ‘ಬೇಡ’ ಸುಳ್ಳೆನಿಸುತ್ತದೆ, ಹಸಿದವನದ್ದು ನಿಜವೆನಿಸುತ್ತದೆ. ಒತ್ತಾಯವೂ ಅಂತಸ್ತು ನೋಡಿಯೇ ನಡೆಯುವುದು.

ನಮ್ಮ ಹಳೆಯ ಪದ್ಧತಿ ಇದಕ್ಕಿಂತ ಚೆನ್ನಾಗಿತ್ತು. ಬಂದವರ ಮುಂದೆ ಕೇಳದೆಯೇ ಬೆಲ್ಲ, ನೀರು ಇಡುತ್ತಿದ್ದರು. ಕೇಳಲಿಲ್ಲವಾದ್ದರಿಂದ ಬೇಡ ಅನ್ನುವ ನಾಟಕಕ್ಕೂ ಜಾಗವಿರಲಿಲ್ಲ. ದಣಿದವರು ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ನೀರು ಕುಡಿಯುತ್ತಿದ್ದರು, ಬೇಡವಾದವರು ಸುಮ್ಮನಿರುತ್ತಿದ್ದರು. ಎಲೆಯಡಿಕೆ ತಟ್ಟೆಯೂ ಹಾಗೆಯೇ, ಬೇಕಾದವರ ಕೈ ಅದರ ಕಡೆ ಹೋಗುತ್ತಿತ್ತು. ಆ ಕಾಲವನ್ನು ನಾನು ಹೊಗಳಿ ಅಟ್ಟಕ್ಕೇರಿಸುತ್ತಿಲ್ಲ. ಜಗುಲಿ ಹತ್ತುವವರು ಯಾರು, ಅಂಗಳದಲ್ಲೇ ನಿಲ್ಲುವವರು ಯಾರು ಎಂಬುದನ್ನು ಜಾತಿ ನಿರ್ಧರಿಸುತ್ತಿತ್ತು. ಆ ಗೆರೆ ಅಳಿಯಬೇಕು, ಕೇಳದೆ ಇಡುವ ಕ್ರಮ ಉಳಿಯಬೇಕು.

ಅತಿಥಿಯನ್ನು ದೇವರೆಂದು ಕಾಣಬೇಕೆಂಬ ಉಪದೇಶವನ್ನು ಒತ್ತಾಯದ ಪರವಾಗಿ ಎತ್ತುವವರಿದ್ದಾರೆ. ಅದು ಬರುವುದು ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ, ಓದು ಮುಗಿಸಿದ ಶಿಷ್ಯನಿಗೆ ಗುರು ಹೇಳುವ ಮಾತುಗಳ ನಡುವೆ. ಅದೇ ಅನುವಾಕದಲ್ಲಿ ಕೊಡುವವನು ಶ್ರದ್ಧೆಯಿಂದ, ಲಜ್ಜೆಯಿಂದ, ತಿಳುವಳಿಕೆಯಿಂದ ಕೊಡಬೇಕು ಎಂದೂ ಇದೆ. ಸಕ್ಕರೆ ಕಾಯಿಲೆಯವರ ತಟ್ಟೆಗೆ ‘ಒಂದರಲ್ಲಿ ಎಂತ ಆಗ್ತದೆ’ ಎಂದು ಅತ್ತಿರಸ ಹಾಕುವ ಕೈಯಲ್ಲಿ ಲಜ್ಜೆಯೂ ಇಲ್ಲ, ತಿಳುವಳಿಕೆಯೂ ಇಲ್ಲ. ಅವರು ಬಿಟ್ಟೆದ್ದದ್ದು ಕಡೆಗೆ ದನದ ಅಕ್ಕಚ್ಚಿಗೆ.

ಒಬ್ಬೊಬ್ಬರಿಗೂ ತಟ್ಟೆ ತುಂಬಿಸಿ ಕೊಡುವುದನ್ನು ಬಿಟ್ಟು, ಹಲಸಿನ ಹಪ್ಪಳವೋ ಚಕ್ಕುಲಿಯೋ ಹರಿವಾಣದಲ್ಲಿ ನಡುವೆ ಇಟ್ಟರೆ ಸಾಕು. ಒಂದು ಸಲ ‘ತಗೊಳ್ಳಿ’ ಎಂದು ಮಾತಿಗೆ ಕೂರಬಹುದು.

ಹೀಗೆ ಮಾಡಿದರೆ ಜಿಪುಣರು ಅನ್ನುತ್ತಾರಲ್ಲ ಎಂದು ಮನೆಯ ಹೆಂಗಸರು ಹೇಳುತ್ತಾರೆ. ಈ ಭಯ ಸುಳ್ಳಲ್ಲ. ಜಗುಲಿಯಲ್ಲಿ ಕೂತು ‘ಇನ್ನೂ ಹಾಕೇ’ ಎಂದು ಒಳಗೆ ಕೂಗುವ ಗಂಡಸಿಗೆ ಆ ಹೆಸರು ಬರುವುದಿಲ್ಲ, ಒಲೆಯ ಮುಂದೆ ಮತ್ತೊಮ್ಮೆ ಬಾಣಲೆ ಇಡುವವಳಿಗೇ ಬರುತ್ತದೆ. ಆದ್ದರಿಂದ ಮೊದಲು ಬದಲಾಗಬೇಕಾದವರು ಬಂದವರು. ಹಸಿವಾಗಿದ್ದರೆ ಹಸಿವಾಗಿದೆ ಎನ್ನಲಿ, ಬೇಕಾದ್ದನ್ನು ಮೊದಲ ಸಲವೇ ತೆಗೆದುಕೊಳ್ಳಲಿ. ಹೊರಟ ಮೇಲೆ, ಆ ಮನೆಯಲ್ಲಿ ಎಷ್ಟು ಸಲ ಕೇಳಿದರು ಎಂಬ ಲೆಕ್ಕವನ್ನು ಮುಂದಿನ ಮನೆಗೆ ಒಯ್ಯದಿರಲಿ.