ವ್ಯೋಮಯಾನದ ಅನುಕರಣ ಕ್ರೀಡೆಗಳಲ್ಲಿ ಕಾಲ ಮತ್ತು ದೇಹ

ಗಣಕಯಂತ್ರದ ತೆರೆಯ ಮೇಲೆ ವ್ಯೋಮಯಾನವನ್ನು ಅನುಕರಿಸುವ ಕ್ರೀಡೆಗಳನ್ನು ವಿಮರ್ಶೆಗೆ ಅರ್ಹವಾದ ಕೃತಿಗಳೆಂದು ಎಣಿಸುವ ವಾಡಿಕೆ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಅವು ಹುಡುಗರ ಕಾಲಕ್ಷೇಪವೆಂಬ ಭಾವನೆಯೇ ಬಲವಾಗಿದೆ. ಆದರೆ ಮನುಷ್ಯನು ಚಂದ್ರನಿಂದಾಚೆಗೆ ಹೋಗಬಲ್ಲನೇ, ಹೋಗಬೇಕೇ ಎಂಬ ಪ್ರಶ್ನೆಯನ್ನು ಕುರಿತು ಇಂದಿನ ತರುಣರು ತಳೆಯುವ ಕಲ್ಪನೆ ಗ್ರಂಥಗಳಿಂದ ಮಾತ್ರವಲ್ಲದೆ ಈ ಕ್ರೀಡೆಗಳಿಂದಲೂ ರೂಪುಗೊಳ್ಳುತ್ತಿದೆ. ಆದಕಾರಣ ಅವು ಏನನ್ನು ಹೇಳುತ್ತವೆ, ಏನನ್ನು ಹೇಳದೆ ಬಿಡುತ್ತವೆ ಎಂಬುದನ್ನು ಪರಾಮರ್ಶಿಸುವುದು ಅಪ್ರಸ್ತುತವಾಗಲಾರದೆಂದು ನಮಗೆ ತೋರುತ್ತದೆ.

ಈ ಪ್ರಕಾರದ ಇತಿಹಾಸ ಐವತ್ತು ವರ್ಷಗಳನ್ನು ಮೀರಿದೆ. 1969ರಲ್ಲಿ, ಅಪೊಲೊ 11 ಚಂದ್ರನ ಮೇಲಿಳಿದ ಕೆಲವೇ ತಿಂಗಳುಗಳಲ್ಲಿ, ಅಮೆರಿಕದಲ್ಲಿ ಪ್ರೌಢಶಾಲಾ ವಿದ್ಯಾರ್ಥಿಯಾಗಿದ್ದ ಜಿಮ್ ಸ್ಟೋರರ್ ಚಂದ್ರಾವತರಣವನ್ನು ಅನುಕರಿಸುವ ಆಟವೊಂದನ್ನು ಗಣಕಕ್ಕಾಗಿ ರಚಿಸಿದರು. ಅದರಲ್ಲಿ ಚಿತ್ರವೆಂಬುದೇ ಇರಲಿಲ್ಲ. ಎತ್ತರ, ವೇಗ, ಉಳಿದ ಇಂಧನ ಇವುಗಳ ಅಂಕಿಗಳು ಸಾಲುಸಾಲಾಗಿ ಮೂಡುತ್ತಿದ್ದುವು; ಮುಂದಿನ ಹತ್ತು ಸೆಕೆಂಡುಗಳಲ್ಲಿ ಎಷ್ಟು ಇಂಧನ ಉರಿಯಬೇಕೆಂಬುದನ್ನು ಆಡುವವನು ತಿಳಿಸಬೇಕಾಗಿತ್ತು. 2000ದಲ್ಲಿ ಮಾರ್ಟಿನ್ ಶ್ವೈಗರ್ ಅವರು 'ಆರ್ಬಿಟರ್' ಎಂಬ ಕೃತಿಯನ್ನು ಹೊರತಂದು ಉಚಿತವಾಗಿ ಹಂಚಿದರು. ಅದರ ಪ್ರಾಮಾಣಿಕತೆ ಅಸಾಧಾರಣವಾದುದು. ಆದರೆ ಅದು ಕಲಿತವರ ಕೃತಿ. ನಾವು ಇಲ್ಲಿ ಎತ್ತಿಕೊಂಡಿರುವ 'ಕರ್ಬಲ್ ಸ್ಪೇಸ್ ಪ್ರೋಗ್ರಾಮ್' ಮೆಕ್ಸಿಕೋ ನಗರದ ಸ್ಕ್ವಾಡ್ ಸಂಸ್ಥೆಯಲ್ಲಿ ಫೆಲಿಪೆ ಫಲಾಂಗೆ ಅವರ ಕಲ್ಪನೆಯಿಂದ ಹುಟ್ಟಿ, 2011ರಲ್ಲಿ ಮೊದಲು ಬೆಳಕು ಕಂಡು, 2015ರಲ್ಲಿ ಪೂರ್ಣರೂಪವನ್ನು ತಳೆಯಿತು.

ಕರ್ಬಿನ್ ಎಂಬ ಕಲ್ಪಿತ ಗ್ರಹದಲ್ಲಿ ಹಸುರು ಮೈಬಣ್ಣದ ಕುಳ್ಳರು ವಾಸಿಸುತ್ತಾರೆ. ಅವರಿಗಾಗಿ ರಾಕೆಟ್ಟನ್ನು ಜೋಡಿಸಿ ಹಾರಿಸುವುದು ಆಡುವವನ ಕೆಲಸ. ಮೊದಲ ರಾಕೆಟ್ಟು ಸಾಮಾನ್ಯವಾಗಿ ಮಗುಚಿ ಬೀಳುತ್ತದೆ, ಇಲ್ಲವೇ ಸಿಡಿಯುತ್ತದೆ. ಆದರೆ ಇಲ್ಲಿ ಪ್ರತಿಯೊಂದು ಸೋಲಿಗೂ ಭೌತಶಾಸ್ತ್ರಸಮ್ಮತವಾದ ಕಾರಣವಿರುತ್ತದೆ. ಕಕ್ಷೆಯನ್ನು ಸೇರುವುದೆಂದರೆ ಮೇಲಕ್ಕೇರುವುದಲ್ಲ, ಅಡ್ಡವಾಗಿ ವೇಗ ಗಳಿಸುವುದು ಎಂಬ ತಥ್ಯವನ್ನು ಪಠ್ಯಪುಸ್ತಕದಲ್ಲಿ ಓದಿ ಮರೆತವರು ಇಲ್ಲಿ ಒಮ್ಮೆ ಕಲಿತರೆ ಮರೆಯುವುದಿಲ್ಲ. ಒಂದೇ ಕಕ್ಷೆಯಲ್ಲಿ ಮುಂದೆ ಸಾಗುತ್ತಿರುವ ನೌಕೆಯನ್ನು ಹಿಡಿಯಬೇಕಾದರೆ ಅದರತ್ತ ಧಾವಿಸಬಾರದು, ವೇಗವನ್ನು ತಗ್ಗಿಸಿ ಒಳಗಿನ ಕಕ್ಷೆಗೆ ಇಳಿಯಬೇಕು. 1965ರ ಜೂನ್‌ನಲ್ಲಿ ಜೆಮಿನಿ 4ರ ಜೇಮ್ಸ್ ಮ್ಯಾಕ್‌ಡಿವಿಟ್ ತಮ್ಮದೇ ರಾಕೆಟ್ಟಿನ ಕಳಚಿದ ಹಂತವನ್ನು ಸಮೀಪಿಸಲೆಂದು ಅದರೆಡೆಗೆ ನೌಕೆಯನ್ನು ನೂಕಿ, ಇಂಧನವನ್ನು ವ್ಯಯಿಸಿ, ಕೈಚೆಲ್ಲಬೇಕಾಯಿತು. ನುರಿತ ವಿಮಾನಚಾಲಕನನ್ನೂ ತಡವರಿಸುವಂತೆ ಮಾಡಿದ ಈ ವಿಷಯ ಇಂದು ಪ್ರೌಢಶಾಲೆಯ ಬಾಲಕಿಗೂ ಕರಗತವಾಗಿದ್ದರೆ ಅದರ ಶ್ರೇಯಸ್ಸಿನ ಒಂದಂಶ ಈ ಕೃತಿಗೆ ಸಲ್ಲಬೇಕು.

ಅನುಕರಣವೆಂದೊಡನೆ ನಮ್ಮ ಅಲಂಕಾರಶಾಸ್ತ್ರದ ಅಭ್ಯಾಸಿಗಳಿಗೆ ಶ್ರೀಶಂಕುಕನ ಚಿತ್ರತುರಗನ್ಯಾಯ ನೆನಪಾಗುವುದು ಸಹಜ. ಚಿತ್ರದ ಕುದುರೆಯನ್ನು ಕಂಡು 'ಇದು ಕುದುರೆ' ಎನ್ನುವ ಅರಿವು ನಿಜವೂ ಅಲ್ಲ, ಭ್ರಾಂತಿಯೂ ಅಲ್ಲ. ಆದರೆ ಇಲ್ಲಿ ಪ್ರೇಕ್ಷಕನು ಚಿತ್ರದ ಕುದುರೆಯನ್ನು ನೋಡಿ ಸುಮ್ಮನಿರುವಂತಿಲ್ಲ, ಏರಿ ಸವಾರಿ ಮಾಡಬೇಕು. ಆದ್ದರಿಂದ ಚಿತ್ರಕಾರನು ಎಲ್ಲೆಲ್ಲಿ ರೇಖೆಯನ್ನು ಬಿಟ್ಟಿದ್ದಾನೆಂಬುದು ಹೆಚ್ಚು ಮುಖ್ಯವಾಗುತ್ತದೆ. ಕರ್ಬಿನ್ನಿನ ತ್ರಿಜ್ಯ 600 ಕಿಲೋಮೀಟರ್, ಭೂಮಿಯದು 6,371. ಮೇಲ್ಮೈ ಗುರುತ್ವ ಮಾತ್ರ ಎರಡರಲ್ಲೂ ಒಂದೇ. ಹೀಗಾಗಿ ಅಲ್ಲಿ ಕೆಳಕಕ್ಷೆಯಲ್ಲಿ ನಿಲ್ಲಲು ಸೆಕೆಂಡಿಗೆ ಸುಮಾರು 2.3 ಕಿಲೋಮೀಟರ್ ವೇಗ ಸಾಕು; ಇಲ್ಲಿ 7.8 ಬೇಕು. ಇದು ಕ್ಷಮಾರ್ಹವಾದ ರಿಯಾಯಿತಿ. ಇನ್ನೊಂದು ಅಷ್ಟು ಸುಲಭವಾಗಿ ಕ್ಷಮಿಸತಕ್ಕದ್ದಲ್ಲ. ಈ ಕ್ರೀಡೆಯಲ್ಲಿ ನೌಕೆಯ ಮೇಲೆ ಒಂದು ಕ್ಷಣದಲ್ಲಿ ಒಂದೇ ಆಕಾಶಕಾಯದ ಸೆಳೆತ ವರ್ತಿಸುತ್ತದೆ. ಎರಡು ಕಾಯಗಳ ಸೆಳೆತಗಳ ಹೊಂದಾಣಿಕೆಯಿಂದ ಉಂಟಾಗುವ ಲಗ್ರಾಂಜ್ ಬಿಂದುಗಳು ಆ ಜಗತ್ತಿನಲ್ಲಿ ಇಲ್ಲವೇ ಇಲ್ಲ. ಬೆಂಗಳೂರಿನಲ್ಲಿ ಕೇಂದ್ರಕಾರ್ಯಾಲಯವುಳ್ಳ ನಮ್ಮ ಬಾಹ್ಯಾಕಾಶ ಸಂಸ್ಥೆಯ ಆದಿತ್ಯ-ಎಲ್1 ನೌಕೆ 2024ರ ಜನವರಿ 6ರಂದು ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿ ಅಂಥ ಒಂದು ಬಿಂದುವಿನ ಸುತ್ತಣ ಕಕ್ಷೆಯನ್ನು ಸೇರಿತಷ್ಟೆ. ಆ ಯಾತ್ರೆಯನ್ನು ಕರ್ಬಿನ್ನಿನ ನಿವಾಸಿಗಳು ಕನಸಿನಲ್ಲಿಯೂ ಕಾಣಲಾರರು.

ಆದರೂ ನಮ್ಮ ಮುಖ್ಯ ಆಕ್ಷೇಪ ಗುರುತ್ವವನ್ನು ಕುರಿತದ್ದಲ್ಲ, ಕಾಲವನ್ನು ಕುರಿತದ್ದು. ತೆರೆಯ ಅಂಚಿನಲ್ಲಿ ಕಾಲದ ಗತಿಯನ್ನು ಹೆಚ್ಚಿಸುವ ಒಂದು ಸೌಕರ್ಯವಿದೆ. ಅದು ಲಕ್ಷಪಟ್ಟಿನವರೆಗೂ ಏರುತ್ತದೆ. ಭೂಮಿಯಿಂದ ಮಂಗಳಕ್ಕೆ ಮಿತವ್ಯಯದ ಮಾರ್ಗದಲ್ಲಿ ಸುಮಾರು 260 ದಿನಗಳು ಬೇಕು. ಈ ಗತಿಯಲ್ಲಿ ಅಷ್ಟು ದಿನಗಳು ಕಳೆಯಲು ನಾಲ್ಕು ನಿಮಿಷಗಳೂ ಹಿಡಿಯವು. ಇದಿಲ್ಲದೆ ಆಟವೇ ಸಾಧ್ಯವಾಗದೆಂಬುದನ್ನು ನಾವು ಬಲ್ಲೆವು. ಆದರೆ ಮಾನವಸಹಿತ ಯಾನದ ಭವಿಷ್ಯವನ್ನು ನಿರ್ಣಯಿಸುವ ಸಮಸ್ಯೆಗಳೆಲ್ಲ ಇರುವುದು ಆ ನಾಲ್ಕು ನಿಮಿಷಗಳಲ್ಲಿಯೇ. ಒಬ್ಬ ಮನುಷ್ಯನಿಗೆ ದಿನಕ್ಕೆ ಸುಮಾರು 0.84 ಕಿಲೋಗ್ರಾಂ ಆಮ್ಲಜನಕ ಬೇಕು. ಹೋಗಿ, ಕಾದು, ಹಿಂದಿರುಗುವ 900 ದಿನಗಳಿಗೆ ನಾಲ್ವರಿಗೆ ಅದೊಂದೇ ಮೂರು ಟನ್ನುಗಳಾಗುತ್ತದೆ. ಅನ್ನ ನೀರುಗಳ ಮಾತು ಬೇರೆ. ತಕ್ಕ ವ್ಯಾಯಾಮವಿಲ್ಲದಿದ್ದರೆ ಭಾರ ಹೊರುವ ಎಲುಬುಗಳು ತಿಂಗಳಿಗೆ ಶೇಕಡಾ 1ರಷ್ಟಾದರೂ ಸವೆಯುತ್ತವೆ. 2011-12ರಲ್ಲಿ ಮಂಗಳಕ್ಕೆ ಸಾಗುತ್ತಿದ್ದ ಕ್ಯೂರಿಯಾಸಿಟಿಯ ಉಪಕರಣ ದಿನಕ್ಕೆ ಸುಮಾರು 1.8 ಮಿಲಿಸೀವರ್ಟ್ ವಿಕಿರಣವನ್ನು ಅಳೆಯಿತು. ಭೂಮಿಯ ಮೇಲೆ ನಮಗೆ ವರ್ಷವಿಡೀ ನಿಸರ್ಗದಿಂದ ಬರುವುದು ಸರಾಸರಿ 2.4 ಮಾತ್ರ. ಒಂದೇ ಯಾನದಲ್ಲಿ ಅತಿ ದೀರ್ಘಕಾಲ ಅಂತರಿಕ್ಷದಲ್ಲಿದ್ದ ವಲೇರಿ ಪೊಲ್ಯಾಕೊವ್ 1994-95ರಲ್ಲಿ 'ಮೀರ್' ನಿಲ್ದಾಣದಲ್ಲಿ ಕಳೆದದ್ದು 437 ದಿನಗಳು. ಅದಕ್ಕಿಂತ ಹೆಚ್ಚಿನ ಅನುಭವ ಯಾರಿಗೂ ಇಲ್ಲ.

ಕರ್ಬಿನ್ನಿನ ಯಾತ್ರಿಕನು ಉಣ್ಣುವುದಿಲ್ಲ, ಉಸಿರಾಡುವುದಿಲ್ಲ, ಮುದುಕನಾಗುವುದಿಲ್ಲ. ವೇಗೋತ್ಕರ್ಷ ಮಿತಿಮೀರಿದರೆ ಅವನು ಮೂರ್ಛೆ ಹೋಗುವ ಐಚ್ಛಿಕ ನಿಯಮವೊಂದುಂಟು. ದೇಹಕ್ಕೆ ಸಂದ ಗೌರವ ಬಹುಮಟ್ಟಿಗೆ ಅಷ್ಟೆ. ನೇಮಕದ ಹಣವನ್ನು ಬಿಟ್ಟರೆ ಅವನ ಪೋಷಣೆಗೆ ಖರ್ಚೇ ಇಲ್ಲ. ಇದರಿಂದ ಒದಗುವ ಹಾನಿ ವಾಸ್ತವತೆಯ ಲೋಪಕ್ಕಿಂತ ಗಂಭೀರವಾದುದು. ಯಂತ್ರವನ್ನು ಕಳುಹಿಸಬೇಕೆ, ಮನುಷ್ಯನನ್ನು ಕಳುಹಿಸಬೇಕೆ ಎಂಬುದು ಅಂತರಿಕ್ಷಾನ್ವೇಷಣೆಯ ಜೀವಂತ ವಿವಾದ. ಮನುಷ್ಯನಿಗೆ ಬೆಲೆಯಿಲ್ಲದ ಜಗತ್ತಿನಲ್ಲಿ ಆ ವಿವಾದ ಹುಟ್ಟುವುದೇ ಇಲ್ಲ. ಯಾತ್ರಿಕನನ್ನು ಸುಮ್ಮನೆ ಕೂರಿಸಿ ಕಳುಹಿಸುತ್ತೇವೆ. ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳುತ್ತೇವೆ. 2019ರ ಸೆಪ್ಟೆಂಬರಿನಲ್ಲಿ ವಿಕ್ರಮ್ ಚಂದ್ರನ ಮೇಲೆ ಅಪ್ಪಳಿಸಿದ ಮೇಲೆ ಆ ಮರಳುವಿಕೆಗೆ ನಮ್ಮ ಇಂಜಿನಿಯರುಗಳಿಗೆ ಸುಮಾರು ನಾಲ್ಕು ವರ್ಷಗಳು ಬೇಕಾದುವು, ಅದೂ ಒಳಗೆ ಯಾರೂ ಇಲ್ಲದ ನೌಕೆಗೆ.

ಈ ಕೃತಿಯ ಎರಡನೆಯ ಭಾಗ 2023ರ ಫೆಬ್ರವರಿಯಲ್ಲಿ ಅಪೂರ್ಣರೂಪದಲ್ಲಿ ಪ್ರಕಟವಾಯಿತು. ಅನ್ಯಗ್ರಹಗಳಲ್ಲಿ ವಸಾಹತು, ಬೇರೆ ನಕ್ಷತ್ರಗಳಿಗೆ ಯಾನ ಎಂಬ ವಾಗ್ದಾನಗಳೊಡನೆ ಬಂದ ಅದು ಅವೆರಡನ್ನೂ ಮುಟ್ಟುವ ಮುನ್ನವೇ 2024ರಲ್ಲಿ ಅದನ್ನು ನಿರ್ಮಿಸುತ್ತಿದ್ದ ಸಂಸ್ಥೆ ಮುಚ್ಚಿತು. ಅದನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ.

ಹೇಳಬೇಕಾದುದು ಆಡುವವರು ತಾವಾಗಿಯೇ ಮಾಡಿಕೊಂಡ ತಿದ್ದುಪಡಿಗಳನ್ನು ಕುರಿತು. ಹಳೆಯ ಗ್ರಂಥಗಳಿಗೆ ಟೀಕಾಕಾರರು ಬಿಟ್ಟುದನ್ನು ತುಂಬಿಕೊಟ್ಟಂತೆ, ಈ ಕೃತಿಗೆ ಅದರ ಅಭಿಮಾನಿಗಳು ಅನೇಕ ಪೂರಕಗಳನ್ನು ರಚಿಸಿದ್ದಾರೆ. 'ಪ್ರಿನ್ಸಿಪಿಯಾ' ಎಂಬುದು ಎಲ್ಲ ಕಾಯಗಳ ಸೆಳೆತವನ್ನೂ ಒಟ್ಟಿಗೆ ಗಣಿಸಿ ಲಗ್ರಾಂಜ್ ಬಿಂದುಗಳನ್ನು ಮರಳಿ ತರುತ್ತದೆ. ಇನ್ನು ಕೆಲವು, ಯಾತ್ರಿಕರಿಗೆ ಹಸಿವು ಬಾಯಾರಿಕೆಗಳನ್ನು ಕೊಡುತ್ತವೆ. ಅಂಥ ಒಂದು ಪೂರಕದೊಡನೆ ನಾವು, ಮಂಗಳವನ್ನು ಹೋಲುವ ಡೂನಾ ಗ್ರಹಕ್ಕೆ ಮೊದಲೊಮ್ಮೆ ಸುಖವಾಗಿ ಹೋಗಿಬಂದಿದ್ದ ಮೂವರ ನೌಕೆಯನ್ನೇ ಮತ್ತೆ ಹಾರಿಸಿದೆವು. ಡೂನಾ ಇನ್ನೂ ಒಂದು ಚುಕ್ಕೆಯಾಗಿರುವಾಗಲೇ ಮೂವರೂ ಸತ್ತಿದ್ದರು. ಕಾಲದ ಗತಿಯನ್ನು ಏರಿಸಿದ್ದರಿಂದ ನಮಗೆ ಅದು ತಿಳಿಯಲೇ ಇಲ್ಲ. ಆಹಾರದ ತೊಟ್ಟಿಗಳನ್ನು ಸೇರಿಸಿದೆವು, ರಾಕೆಟ್ಟು ಮೇಲೇಳಲಿಲ್ಲ. ರಾಕೆಟ್ಟನ್ನು ಹಿಗ್ಗಿಸಿದೆವು, ಹಣ ಸಾಲಲಿಲ್ಲ. ಒಬ್ಬನನ್ನು ಇಳಿಸಿದೆವು, ಆಮೇಲೆ ಮತ್ತೊಬ್ಬನನ್ನು. ಕೊನೆಗೆ ಡೂನಾದ ಕೆಂಪು ಮಣ್ಣಿನ ಮೇಲೆ ಇಳಿದ ನಮ್ಮ ನೌಕೆಯಲ್ಲಿ ಒಂದು ಉಷ್ಣಮಾಪಕ, ಒಂದು ಪ್ರಸಾರದಂಡ, ಎರಡು ಸೌರಫಲಕಗಳು ಇದ್ದುವು; ಯಾತ್ರಿಕರು ಯಾರೂ ಇರಲಿಲ್ಲ.